ಕಂದು ಬಾಟಲಿಯ ಶಾಂಪೂ

ಪೆನ್‌ಬ್ರಿನ್, ಲಾನಿಡ್ಲೋಸ್ ಹತ್ತಿರ
ಏಪ್ರಿಲ್ ೬, ಮಧ್ಯಾಹ್ನ

ಪ್ರೀತಿಯ ಅಜ್ಜಾ,

ಬರೆಯುತ್ತಿರುವುದಕ್ಕೇ ಮೊದಲು ಕ್ಷಮಿಸಿಬಿಡಿ. ಪಟಗೋನಿಯಾಕ್ಕೆ ಹೊರಟ ದಿನ ನೀವು ಬಾಗಿಲಲ್ಲಿ ನಿಂತು, "ಎರಡು ತಿಂಗಳು ಮನೆ ಸುದ್ದಿ ಒಂದೂ ನನಗೆ ಬೇಡ. ಮನೆ ಸುಟ್ಟರೆ ಬೂದಿ ತಣ್ಣಗಾದ ಮೇಲೆ ಹೇಳಿ" ಎಂದಿರಂತೆ. ಪಕ್ಕದ ಮನೆಯ ಮಾರ್ಗೆಡ್ ಅತ್ತೆ ಅದನ್ನು ಅಂಚೆಯವನಿಗೂ ಹೇಳಿ ನಗುತ್ತಿದ್ದಾರೆ. ಮನೆ ಸುಟ್ಟಿಲ್ಲ. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ನಿಮ್ಮ ಹತ್ತಿರ ಏನು ಹೇಳಿದರೂ ಕೂಗಿಯೇ ಹೇಳಬೇಕು. ಇದು ಕೂಗಿ ಹೇಳುವ ಮಾತಲ್ಲ.

ನಿಮ್ಮ ಮಂಡಿ ಹೇಗಿದೆ? ನೀವು ಉಳಿದಿರುವ ಎಲ್ವಿನ್ ಅಜ್ಜನ ಮನೆಯಲ್ಲಿ ದಿನಾ ಮಾಂಸ ಸುಡುತ್ತಾರಂತಲ್ಲ, ಹೊಟ್ಟೆಯ ಮಾತ್ರೆ ಮರೆಯಬೇಡಿ. ಅಲ್ಲಿಗೆ ಹಿಂದೆಂದೋ ವಲಸೆ ಹೋದ ನಮ್ಮವರ ವೆಲ್ಷ್ ಮಾತು ನಿಮಗೆ ಅರ್ಥವಾಗುತ್ತಿದೆಯೋ, ಅಥವಾ ನನ್ನದನ್ನು ತಿದ್ದುವ ಹಾಗೆ ಅವರದನ್ನೂ ತಿದ್ದುತ್ತಾ ಕೂತಿದ್ದೀರೋ? ನಾನು ಈಸ್ಟರ್ ರಜಕ್ಕೆ ಬಂದು ಹದಿನೈದು ದಿನವಾಯಿತು. ಪರೀಕ್ಷೆ ಪರವಾಗಿಲ್ಲ. ಪರವಾಗಿಲ್ಲ ಎಂದು ಬರೆದ ತಕ್ಷಣ ಅದು ಸುಳ್ಳಾದೀತೆಂದು ಹೆದರಿಕೆಯಾಗುತ್ತದೆ, ಆದ್ದರಿಂದ ಅದನ್ನು ಇಲ್ಲಿಗೇ ಬಿಡುತ್ತೇನೆ. ಅಮ್ಮ ಭಾನುವಾರ ಬಂದು ನಿಮ್ಮ ಇಷ್ಟದ ಒಣದ್ರಾಕ್ಷಿ ಬ್ರೆಡ್ಡು, ಬಾರಾ ಬ್ರಿಥ್, ಸುಟ್ಟುಕೊಟ್ಟು ಹೋದಳು. ಅಪ್ಪ ಬರಲಿಲ್ಲ, ಕ್ರಿಕೆಟ್ ಮೈದಾನಕ್ಕೆ ಹುಲ್ಲು ಹಾಕಿಸಬೇಕಂತೆ. ನೀವು ಅಲ್ಲಿಂದಲೇ "ಇಂಗ್ಲಿಷರು" ಎಂದು ಗೊಣಗಿದ್ದು ನನಗೆ ಕೇಳಿಸಿತು.

ಈಗ ನಮ್ಮ ನಾಯಿ ಪೆರೊನ ವಿಷಯ. ಮೇ ತಿಂಗಳ ಮೊದಲ ಶನಿವಾರ ಹೆರೆಫರ್ಡ್ ಕಡೆಯ ಕೋಳಿ ಸಾಕುವವನು ಬಂದು ಪೆರೊನನ್ನು ಇಲಿ ಹಿಡಿಯಲು ಕರೆದುಕೊಂಡು ಹೋಗುತ್ತಾನೆ ಎಂದು ನೀವು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೀರಿ. ಬಂದ ದಿನ ಅದನ್ನು ನೋಡಿ ಕೋಟು ಬಿಚ್ಚದೆ ಹಾಗೇ ನಿಂತುಬಿಟ್ಟೆ. ತಳಿಯ ಪುಸ್ತಕವನ್ನೂ ತೆರೆದು ನೋಡಿದೆ, ಬೈಯಬೇಡಿ. ಮೂವತ್ತೊಂದು ವರ್ಷದಿಂದ ಶಾಯಿಯಲ್ಲೇ ಬರೆದುಕೊಂಡು ಬಂದವರು ಪೆರೊನ ಹೆಸರಿನ ಕೆಳಗೆ ಮಾತ್ರ ಪೆನ್ಸಿಲ್ಲಿನಲ್ಲಿ ಒಂದು ಗೆರೆ ಎಳೆದು, "ಚರ್ಮ ಕೆಟ್ಟಿದೆ. ಈ ತಳಿ ಇಲ್ಲಿಗೆ ಸಾಕು" ಎಂದು ಬರೆದಿದ್ದೀರಿ. ಏಳು ತಲೆಮಾರಿನ ವೆಲ್ಷ್ ಟೆರಿಯರ್‌ಗಳು ಆ ಒಂದು ಗೆರೆಯ ಮೇಲೆ ಬಂದು ನಿಂತಿವೆ.

ನಾನು ಬಂದಾಗ ಅವನ ಸ್ಥಿತಿ ನಿಜಕ್ಕೂ ಕೆಟ್ಟದಾಗಿತ್ತು. ಹೊಟ್ಟೆಯೆಲ್ಲ ಕೆಂಪು, ಕಂಕುಳಲ್ಲಿ ಹೊಟ್ಟಿನಂಥ ಬಿಳಿ ಪೊರೆ, ಮೇಜಿನ ಕಾಲಿಗೆ ಮೈ ಉಜ್ಜಿ ಉಜ್ಜಿ ಸೊಂಟದ ಮೇಲೆ ಕೂದಲೇ ಇಲ್ಲ. ಬೆನ್ನಿನ ಕೂದಲು ಕುರಿಮರಿಯದರಂತೆ ಮೆತ್ತಗಾಗಿತ್ತು. ಟೆರಿಯರ್‌ನ ತಂತಿಯಂತೆ ಒರಟಿರಬೇಕಾದ ಬೆನ್ನು ಮೆತ್ತಗಿರುವುದೆಂದರೆ ಏನು ಎಂದು ನಿಮಗೆ ನಾನು ಹೇಳಬೇಕೇ? ಆ ದಿನವೂ ಮಾರ್ಗೆಡ್ ಅತ್ತೆ, ನೀವು ಗೋಡೆಗೆ ಅಂಟಿಸಿಹೋದ ಚೀಟಿಯಂತೆ, ಕ್ರಿಸ್‌ಮಸ್‌ನಲ್ಲಿ ನಾನು ಕೊಟ್ಟಿದ್ದ ಕಂದು ಬಾಟಲಿಯ ಶಾಂಪೂ ಹಾಕಿ ಅವನಿಗೆ ಶನಿವಾರದ ಸ್ನಾನ ಮಾಡಿಸುತ್ತಿದ್ದರು. "ನಿಮ್ಮಜ್ಜ ಮೂವತ್ತು ವರ್ಷದಲ್ಲಿ ನಾಯಿಗೆ ಸೋಪು ತೋರಿಸಿದವನಲ್ಲ ಕಣೇ. ಈಗ ನೋಡು, ವಾರಾ ವಾರಾ ಅಭ್ಯಂಜನ. ಮೊಮ್ಮಗಳು ಡಾಕ್ಟ್ರು ಓದ್ತಾಳೆ ಅಂತ ಎಷ್ಟು ಜಂಬ ಅವನಿಗೆ" ಎಂದರು. ನಾನು ಓದುತ್ತಿರುವುದು ಪ್ರಾಣಿಗಳ ನರ್ಸಿಂಗ್ ಎಂದು ತಿದ್ದುವ ಧೈರ್ಯವೂ ಬರಲಿಲ್ಲ. ಬಾಟಲಿಯನ್ನು ಅವರ ಕೈಯಿಂದ ತೆಗೆದುಕೊಂಡು ಮೇಲಿನ ಕಪಾಟಿನಲ್ಲಿಟ್ಟೆ. ಅದು ಪೆರೊನಿಗೆ ಆಗಿಬರಲಿಲ್ಲ ಅಜ್ಜಾ. ಸಾವಯವ ಎಂದಮಾತ್ರಕ್ಕೆ ಎಲ್ಲ ಮೈಗೂ ಒಗ್ಗುವುದಿಲ್ಲ.

ಇದು ನನಗೆ ಗೊತ್ತಾದದ್ದು ಮಾರ್ಚ್‌ನಲ್ಲಿ, ಚರ್ಮದ ಪಾಠದಲ್ಲಿ. ನಾಯಿಯ ಚರ್ಮ ನಮ್ಮದಕ್ಕಿಂತ ತೆಳು, ಅದರ ಆಮ್ಲದ ಪ್ರಮಾಣವೇ ಬೇರೆ, ನಮಗಾಗಿ ಮಾಡಿದ್ದನ್ನು ಹಚ್ಚಿದರೆ ಚರ್ಮದ ಎಣ್ಣೆ ಹೋಗಿ ಒಣಗಿ ಬಿರಿಯುತ್ತದೆ, ಮೇಲೆ ಸುವಾಸನೆಯ ಎಣ್ಣೆ ಸೇರಿಸಿದ್ದರೆ ಕೇಳುವುದೇ ಬೇಡ ಎಂದು ಮೇಡಂ ಹೇಳುತ್ತಿದ್ದರು. ಎಲ್ಲರೂ ಬರೆದುಕೊಳ್ಳುತ್ತಿದ್ದರು, ನನ್ನ ಪೆನ್ನು ನಿಂತುಹೋಯಿತು. ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ, ಮೊದಲು ಒಳ್ಳೆಯ ಸುದ್ದಿ ಮುಗಿಸಿಬಿಡಲು ಬಿಡಿ.

ಮಾರನೆಯ ದಿನ ಬಸ್ಸು ಹತ್ತಿ ನ್ಯೂಟೌನಿನ ಪ್ರಾಣಿಗಳ ಅಂಗಡಿಗೆ ಹೋದೆ. ಒಂದು ಗೋಡೆಯ ತುಂಬ ಬರೀ ಶಾಂಪೂ. ಎಲ್ಲದರ ಮೇಲೂ ಹಸಿರು ಎಲೆಯ ಚಿತ್ರ, ಎಲ್ಲದರ ಮೇಲೂ ದಪ್ಪ ಅಕ್ಷರದಲ್ಲಿ ಆರ್ಗ್ಯಾನಿಕ್. ನಾನು ಒಂದೊಂದನ್ನೂ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದೆ. ಎಲೆ ಯಾರು ಬೇಕಾದರೂ ಬರೆಯಬಹುದು. ಪರೀಕ್ಷೆ ಮಾಡಿ ಒಪ್ಪಿದವರ ಮುದ್ರೆ ಮೂರರ ಮೇಲೆ ಮಾತ್ರ ಇತ್ತು. ಆ ಮೂರರಲ್ಲಿ ಒಂದಕ್ಕೆ ಟೀ ಟ್ರೀ ಎಣ್ಣೆ ಹಾಕಿದ್ದರು. ಅದು ನಾಯಿಗೆ ಹೆಚ್ಚಾದರೆ ವಿಷ, ಬಿಟ್ಟೆ. ಇನ್ನೊಂದಕ್ಕೆ ಪರಿಮಳ, ಅದನ್ನೂ ಬಿಟ್ಟೆ. ಉಳಿದದ್ದು ಓಟ್ಸ್‌ನಿಂದ ಮಾಡಿದ್ದು, ಮೂಸಿದರೆ ತಣ್ಣಗಾದ ಗಂಜಿಯ ವಾಸನೆ. ಅಂಗಡಿಯಾತ ಕನ್ನಡಕದ ಮೇಲಿಂದ ನೋಡಿ, "ಮುಕ್ಕಾಲು ಗಂಟೆ ಆಯ್ತಮ್ಮ. ಮದುವೆ ಗಂಡು ಹುಡುಕೋಕೂ ಇಷ್ಟು ಹೊತ್ತು ಬೇಡ" ಎಂದ. ಕಿವಿ ಬಿಸಿಯಾಯಿತು, ಆದರೂ ಅದೇ ಬಾಟಲಿ ತಂದೆ.

ತಂದ ದಿನವೇ ಹಚ್ಚಲಿಲ್ಲ. ತೊಡೆಯ ಒಳಗೆ ಒಂದು ಹನಿ ಹಚ್ಚಿ ತೊಳೆದು ಇಡೀ ದಿನ ಕಾದೆ, ಕೆಂಪಾಗಲಿಲ್ಲ. ಮರುದಿನ ಬೂಟು ತೊಳೆಯುವ ಕಲ್ಲಿನ ತೊಟ್ಟಿಯಲ್ಲಿ ಅವನನ್ನು ನಿಲ್ಲಿಸಿ, ಮೊಣಕೈ ಅದ್ದಿ ನೋಡಿ ಬೆಚ್ಚಗಿನ ನೀರು ಬಿಟ್ಟು, ಶಾಂಪೂವನ್ನು ಜಗ್ಗಿನಲ್ಲಿ ಚೆನ್ನಾಗಿ ತೆಳುಮಾಡಿ, ಹೊಟ್ಟೆ, ಕಂಕುಳು, ಕಾಲುಗಳಿಗೆ ಮಾತ್ರ ಹಚ್ಚಿದೆ. ತೊಳೆದರೆ ಕೂದಲು ಇನ್ನೂ ಮೆತ್ತಗಾಗುತ್ತದೆಂದು ಬೆನ್ನಿಗೆ ನೀರನ್ನೂ ಸೋಕಿಸಲಿಲ್ಲ. ಹತ್ತು ನಿಮಿಷ ಹಾಗೇ ಬಿಡಬೇಕು. ಅವನು ಆ ಹತ್ತು ನಿಮಿಷವೂ ನನ್ನನ್ನು ನೋಡುತ್ತಿದ್ದ ನೋಟ ನೀವು ನೋಡಬೇಕಿತ್ತು, ಚರ್ಚಿನಲ್ಲಿ ನೀವು ನನ್ನ ಹಾಡು ಕೇಳುವಾಗಿನ ನೋಟವೇ ಅದು. ಆಮೇಲೆ ಬೆರಳಿಗೆ ಒಂದಿಷ್ಟೂ ಜಾರು ಸಿಗದಷ್ಟು ತೊಳೆದು, ಉಜ್ಜದೆ, ಟವಲಿನಲ್ಲಿ ಒತ್ತಿ ಒತ್ತಿ ಒರೆಸಿದೆ. ಹದಿನೈದು ದಿನದಲ್ಲಿ ಆ ಒಂದೇ ಸ್ನಾನ. ಇನ್ನೊಂದು ಮಾಡಿಸಲು ಕೈ ತುರಿಸುತ್ತಿತ್ತು, ಮಾಡಿಸಲಿಲ್ಲ. ನನಗೆ ಅದೇ ಎಲ್ಲಕ್ಕಿಂತ ಕಷ್ಟವಾದದ್ದು.

ಬೆನ್ನಿಗೆ ಮಾತ್ರ ನಿಮ್ಮ ದಾರಿಯನ್ನೇ ಹಿಡಿದೆ. ದಿನಾ ಬೆಳಿಗ್ಗೆ ಹಿತ್ತಲಿನ ಮೇಜಿನ ಮೇಲೆ ಅವನನ್ನು ನಿಲ್ಲಿಸಿ, ಹೆಬ್ಬೆರಳಿಗೂ ತೋರುಬೆರಳಿಗೂ ಹಿಡಿತ ಜಾರದಂತೆ ಸೀಮೆಸುಣ್ಣ ಬಳಿದುಕೊಂಡು, ಸತ್ತ ಕೂದಲನ್ನು ಬೆಳೆದ ದಿಕ್ಕಿಗೇ ಎಳೆದು ಕಿತ್ತೆ. ನಾನು ಚಿಕ್ಕವಳಿದ್ದಾಗ ನೀವು ಕಲಿಸಲು ಕೂತರೆ, ನಾಯಿಗೆ ನೋವಾಗುತ್ತೆ ಎಂದು ಅತ್ತು ಓಡಿಹೋಗಿದ್ದೆನಲ್ಲ, ಅದೇ ಕೆಲಸ. ನೋವಾಗುವುದಿಲ್ಲ. ಅವನು ನಿಂತಲ್ಲೇ ತೂಕಡಿಸಿದ. ಎರಡನೆಯ ವಾರದ ಕೊನೆಗೆ ಕೆಳಗಿನಿಂದ ಹೊಸ ಕೂದಲು ಮೊಳೆತಿದೆ ಅಜ್ಜಾ. ಗಿಡ್ಡ, ಕಪ್ಪು, ಬಾಗಿಲ ಬಳಿಯ ಕಾಲೊರಸಿನಷ್ಟು ಒರಟು. ಹೊಟ್ಟೆ ಈಗ ಗುಲಾಬಿ ಬಣ್ಣಕ್ಕೆ ತಿರುಗಿದೆ. ಮೂರು ದಿನದಿಂದ ಮೇಜಿನ ಕಾಲಿನ ಕಡೆಗೆ ಹೋಗಿಲ್ಲ.

ನಾನು ಹೇಳಿದರೆ ನೀವು ನಂಬುವುದಿಲ್ಲ, ಅದಕ್ಕೇ ನಿಮ್ಮ ಮಿಸೆಸ್ ಪ್ಯೂ ಹೇಳಿದ್ದನ್ನು ಬರೆಯುತ್ತೇನೆ. ಹೌದು, ಪ್ರದರ್ಶನಗಳಲ್ಲಿ ಇಪ್ಪತ್ತು ವರ್ಷದಿಂದ ನಿಮ್ಮೆದುರು ನಾಯಿ ನಿಲ್ಲಿಸಿ, ನಿಮ್ಮ ನಾಯಿಯನ್ನು ಒಮ್ಮೆಯೂ ಹೊಗಳದ ಅದೇ ಹೆಂಗಸು. ನಿನ್ನೆ ಮೊಟ್ಟೆಗೆಂದು ಬಂದಿದ್ದರು. ಪೆರೊ ಹೋಗಿ ಅವರ ಬೂಟು ಮೂಸಿದ. ಅವರು ಬಗ್ಗಿ ಸೊಂಟದಿಂದ ಭುಜದವರೆಗೆ ಕೂದಲಿಗೆ ಎದುರಾಗಿ ಕೈ ಆಡಿಸಿದರು, ನಿಂತರು, ಇನ್ನೊಮ್ಮೆ ಆಡಿಸಿದರು. "ಚರ್ಮ ಕೆಟ್ಟಿದೆ ಅಂತ ಊರೆಲ್ಲ ಹೇಳ್ತಿತ್ತು. ಎಲ್ಲಿ ಕೆಟ್ಟಿದೆ? ಕಣ್ಣು ಮುಚ್ಚಿ ಹೇಳ್ತೀನಿ, ಇದು ನಿಮ್ಮಜ್ಜ ಎಮ್ರಿಸ್‌ನ ನಾಯಿ. ನಾನು ಹೀಗಂದೆ ಅಂತ ಅವನಿಗೆ ಹೇಳಿದೆಯೋ, ನಾನು ಅನ್ನಲೇ ಇಲ್ಲ ಅಂತೀನಿ" ಎಂದು ಮೊಟ್ಟೆ ತೆಗೆದುಕೊಂಡು ಹೋದರು. ಅವರ ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಕಾದೆ. ಆಮೇಲೆ ಪೆರೊನನ್ನು ಎತ್ತಿಕೊಂಡು ಅಂಗಳದಲ್ಲಿ ಮೂರು ಸುತ್ತು ಕುಣಿದೆ. ನನ್ನ ಕೈಯಿಂದ ಇಂಥದ್ದೊಂದು ಆಗಿದೆ ಎಂದು ನನಗಿನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ಮಾರ್ಗೆಡ್ ಅತ್ತೆ ಕೇಳಿದರೆಂದು ತಿಳಿಸಲು ಹೇಳಿದ್ದಾರೆ. ಎಲ್ವಿನ್ ಅಜ್ಜನಿಗೂ ಅವರ ಮನೆಯವರೆಲ್ಲರಿಗೂ ನನ್ನ ನಮಸ್ಕಾರ. ಸಂಜೆಗೆ ಚಳಿಯಿದ್ದರೆ ನಾನು ಹೆಣೆದುಕೊಟ್ಟ ವಕ್ರ ಶಾಲನ್ನು ಕತ್ತಿಗೆ ಸುತ್ತಿಕೊಳ್ಳಿ.

ನಿಮ್ಮ ಅರ್ಧ ಇಂಗ್ಲಿಷ್ ಮೊಮ್ಮಗಳು,
ಲೂನೆಡ್

ವಿ.ಸೂ.: ಅಂಚೆಯ ವ್ಯಾನು ಬರಲು ಕಾಲು ಗಂಟೆಯಿದೆ, ಈಗ ಹೇಳದಿದ್ದರೆ ಹೇಳುವುದೇ ಇಲ್ಲ. ಆ ಕಂದು ಬಾಟಲಿಯ ಶಾಂಪೂ, ನಾನು ನಿಮಗೆ ಹೇಳಿದ್ದ ಹಾಗೆ, ಕಾಲೇಜಿನವರು ಕೊಟ್ಟದ್ದಲ್ಲ. ಅದು ನಾನು ತಲೆಗೆ ಹಾಕಿಕೊಳ್ಳುವ ಶಾಂಪೂ, ಲ್ಯಾವೆಂಡರ್ ಮತ್ತು ನಿಂಬೆಯದು. ಸಾವಯವ ಎಂದು ಬರೆದಿತ್ತು, ಅದು ಸುಳ್ಳಲ್ಲ. ಬಾಟಲಿ ಬದಲಾಯಿಸಿ, ನಾಯಿಗಳಿಗಾಗಿ ಎಂದು ಚೀಟಿ ಬರೆದು ಅಂಟಿಸಿದ್ದು ನಾನು. ಶಾಲೆಯ ಹಾಸ್ಟೆಲಿನಲ್ಲಿ ಏಳು ವರ್ಷ ಮೇಟ್ರನ್ ನಮ್ಮನ್ನು ಸಾಲಾಗಿ ನಿಲ್ಲಿಸಿ ತಲೆ ಮೂಸಿ ನೋಡುತ್ತಿದ್ದಳು. ಪರಿಮಳ ಬಂದರೆ ಶುಚಿ, ಬರದಿದ್ದರೆ ಇನ್ನೊಮ್ಮೆ ಸ್ನಾನ. ಪೆರೊನಿಗೂ ಅದೇ ಲೆಕ್ಕ ಹಿಡಿದೆ. ಮೊದಲ ವರ್ಷದಲ್ಲೇ ಕಾಲೇಜು ನನಗೆ ಏನೋ ಕೊಟ್ಟಿದೆ ಎಂದು ನಿಮಗೆ ತೋರಿಸಿಕೊಳ್ಳಬೇಕಿತ್ತು. ನಾಯಿ ಡಾಕ್ಟರು ಯಾವ ಶಾಂಪೂ ಎಂದು ಕೇಳಿದಾಗ ನೀವು, "ನನ್ನ ಮೊಮ್ಮಗಳ ಕಾಲೇಜಿನದು" ಎಂದಿರಂತೆ, ಅವರು ಮುಂದೆ ಕೇಳಲಿಲ್ಲವಂತೆ. ನೀವು ನನ್ನನ್ನು ಅನುಮಾನಿಸುವ ಬದಲು ನಿಮ್ಮ ಏಳು ತಲೆಮಾರನ್ನು ಅನುಮಾನಿಸಿದಿರಿ. ತಳಿಯಲ್ಲಿ ದೋಷವಿಲ್ಲ ಅಜ್ಜಾ. ಪೆನ್ಸಿಲ್ಲಿನ ಆ ಗೆರೆಯನ್ನು ನಾನು ಮುಟ್ಟಿಲ್ಲ, ರಬ್ಬರನ್ನು ಪುಸ್ತಕದ ಪಕ್ಕದಲ್ಲಿಟ್ಟಿದ್ದೇನೆ. ಕೋಳಿಯವನಿಗೆ ಬರಬೇಡ ಎಂದು ಹೇಳಬೇಕಾದವರು ನೀವು, ನನ್ನ ಮಾತನ್ನು ಅವನು ಕೇಳುವುದಿಲ್ಲ. ಬೈದೇ ಬರೆಯಿರಿ, ಅಥವಾ ಎಲ್ವಿನ್ ಅಜ್ಜನ ಮಗಳ ಕೈಯಿಂದ ಫೋನಿನಲ್ಲಿ ಎರಡು ಸಾಲು ಕಳಿಸಿ. ಮೇ ಮೊದಲ ಶನಿವಾರಕ್ಕೆ ಮುಂಚೆ, ದಯವಿಟ್ಟು ಬೇಗ ಉತ್ತರ ಕೊಡಿ.