ಒಲೆ ಉರಿಯಬಾರದ ಮನೆ

ಆಗಸ್ಟ್ 19, ಸೋಮವಾರ. ಬಾರಿ ನಗರ.

ಬೆಳಗ್ಗೆ ಟೊಮೆಟೊ ಹೊಲಗಳ ಗೇಟಿನ ಬಳಿ ಯೂನಿಯನ್ನಿನ ಕರಪತ್ರ ಹಂಚಿದ್ದಾಯಿತು. ಮೇಸ್ತ್ರಿ ಬಂದು ನನ್ನ ಫೋಟೊ ತೆಗೆದ. ತೆಗೆಯಲಿ. ಅವನ ವ್ಯಾನಿನ ಫೋಟೊ ನಾನೂ ತೆಗೆದೆ. ಕೂಲಿಗಳನ್ನು ಅದರೊಳಗೆ ಕ್ರೇಟಿನಂತೆ ಜೋಡಿಸಿದ್ದ.

ಸಂಜೆ ಎಜಿದಿಯೊ ಗಾರೆ ಕೆಲಸದಿಂದ ಬಂದ. ಕಿವಿಯೊಳಗೂ ಸಿಮೆಂಟು. ಊರಿನಿಂದ ಅವನಮ್ಮ ಫೋನ್ ಮಾಡಿದ್ದಳಂತೆ. "ಶನಿವಾರ ವರ್ಷದ ಸಾಸಿಗೆ ಟೊಮೆಟೊ ಹಿಂಡ್ತೀವಿ, ಕೈ ಸಾಲಲ್ಲ. ಅವಳನ್ನೂ ಕರ್ಕೊಂಡ್ ಬಾ."

ಅವಳು ಅಂದರೆ ನಾನು. ನಾವು ಜೊತೆಗಿರುವ ಹದಿನಾಲ್ಕು ವರ್ಷದಲ್ಲಿ ಮೊದಲ ಸಲ. ಅವನು ಚರ್ಚಿನಲ್ಲಿ ಮದುವೆಯಾದ ಹೆಂಡತಿ ಜರ್ಮನಿ ಸೇರಿ ಎಷ್ಟು ಕಾಲವಾಯಿತೋ. ಕಾಗದದ ಮೇಲೆ ಮಾತ್ರ ಉಳಿದಿದ್ದಾಳೆ. ಅವನ ಬೆಟ್ಟದೂರಿಗೆ ಕಾಗದವೇ ದೇವರು.

"ಏನ್ ಹಾಕ್ಕೊಳ್ಲಿ?" ಕೇಳಿದೆ.

"ಏಪ್ರನ್ನು. ಭಾಷಣ ಮಾತ್ರ ಮಾಡ್ಬೇಡ, ಟೊಮೆಟೊ ಒಡೆದುಹೋಗ್ತವೆ."

ಮಿಮ್ಮಾ, ಅವಳ ತಮ್ಮ ಕಟಾಲ್ದೊ ಬರುತ್ತಾರೆ. ಯೂನಿಯನ್ ಗೆಳೆಯರು. ಕಟಾಲ್ದೊನ ಹಳೇ ಕಾರು. ಮಲಗುವ ಮುನ್ನ ಎಂದಿನಂತೆ ಎಜಿದಿಯೊ ತಿರುಪಿನ ಕಾಫಿ ಪಾತ್ರೆಗೆ ನೀರು, ಪುಡಿ ತುಂಬಿ ಬಿಗಿದು ಒಲೆಯ ಮೇಲಿಟ್ಟ. ತಾನು ಕುಡಿಯುವುದು ಕೆಲಸದ ಹತ್ತಿರದ ಅಂಗಡಿಯಲ್ಲಿ. ಇದು ನನಗೆ. ಬೆಳಗ್ಗೆ ಎದ್ದು ಬೆಂಕಿ ಹಚ್ಚಿದರೆ ಸಾಕು.

ಆಗಸ್ಟ್ 23, ಶುಕ್ರವಾರ.

ಬರೆಯಬೇಕು. ಬರೆಯದಿದ್ದರೆ ಯಾರಿಗಾದರೂ ಹೊಡೆಯುತ್ತೇನೆ.

ಮಂಗಳವಾರ ಬೆಳಗ್ಗೆ. ಎಜಿದಿಯೊ ಕಟ್ಟಡದ ಸಾರುವೆಯಿಂದ ಬಿದ್ದ. ಮೂರನೇ ಮಹಡಿ. ತಡೆಗಂಬಿ ಇಲ್ಲ. ಬಲೆ ಇಲ್ಲ. ಫೋನ್ ಬಂದಾಗ ನಾನಿನ್ನೂ ಹಾಸಿಗೆಯಲ್ಲಿದ್ದೆ.

ಗುತ್ತಿಗೆದಾರ ಟೀವಿಯವರ ಮುಂದೆ "ದುರದೃಷ್ಟ" ಅಂದ. ದುರದೃಷ್ಟ ಅಲ್ಲ ಕಣೋ. ಕೊಲೆ. ಒಂದು ಕಬ್ಬಿಣದ ಕಂಬಿ ಉಳಿಸಲು ಮಾಡಿದ ಕೊಲೆ.

ಶವಾಗಾರದಲ್ಲಿ ಕೇಳಿದರು: "ನೀವು ಏನಾಗ್ಬೇಕು?" ಎಷ್ಟು ಸಭೆಗಳಲ್ಲಿ ಗಂಟಲು ಹರಿದುಕೊಂಡವಳು... ಒಂದು ಪದ ಬರಲಿಲ್ಲ. ಹೊರಗೆ ಕೂರಿಸಿದರು. ಜರ್ಮನಿಯಿಂದ ಹೆಂಡತಿಯ ಸಹಿ ಬಂತು, ದೇಹ ಬಿಟ್ಟರು. ನಾಳೆ ಅವನೂರಿನಲ್ಲಿ ಮಣ್ಣು.

ಹೋಗುತ್ತೇವೆ. ಅದೇ ಶನಿವಾರ. ಅದೇ ಕಾರು.

ಬರಿಗೈಯಲ್ಲಿ ಅವನಮ್ಮನ ಮುಂದೆ ಹೇಗೆ ನಿಲ್ಲಲಿ? ಬೆಳಗಿನಿಂದ ನಿಂತು ದೊಡ್ಡ ತಟ್ಟೆಯಲ್ಲಿ ಪಾಸ್ತಾ ಬೇಯಿಸಿದೆ. ಬದನೆ, ಚೀಸು, ಅವನಿಗೆ ಇಷ್ಟವಾದಂತೆ ಅಂಚು ಕರಕಲು.

ಮಿಮ್ಮಾ ಬಂದವಳು ಬಾಗಿಲಲ್ಲೇ ನಿಂತಳು. "ಅಯ್ಯೋ ದೋನಾ, ನೀನು ಒಲೆ ಹಚ್ಚೋದಾ? ಸಾವಾದ ಮನೇಲಿ ಒಲೆ ಉರೀಬಾರ್ದು ಕಣೇ. ಹೊರಗಿನೋರು ಅಡುಗೆ ತರ್ಬೇಕು."

"ಸಾವಾದ ಮನೆ ಅವನಮ್ಮಂದು."

"ಮತ್ತೆ ಇದು?"

"ಪಾದ್ರಿಗಳ ಕಂದಾಚಾರ ನನ್ ಹತ್ರ ತರ್ಬೇಡ!" ಕಿರುಚಿದೆ. ಅವಳು ಕೆಳಗಿಳಿದು ಹೋದಳು. ತಾನೂ ಏನೋ ಡಬ್ಬಿಗಳನ್ನು ಡಿಕ್ಕಿಗೆ ತುಂಬಿದಳು. ಏನೆಂದು ಕೇಳಲಿಲ್ಲ.

ಅದೇ ದಿನ, ಸಂಜೆ. ಮತೇರಾ.

ರಾತ್ರಿ ಇಲ್ಲಿ ಯೂನಿಯನ್ ಗೆಳೆಯರ ಮನೆಯಲ್ಲಿ ತಂಗಿ ಬೆಳಗ್ಗೆ ಅವನೂರಿಗೆ. ಬರುವಾಗ ದಾರಿಯಲ್ಲಿ, ಅಲ್ತಮೂರಾದಲ್ಲಿ ಕಟಾಲ್ದೊ ಕಾರು ನಿಲ್ಲಿಸಿದ. ಅಲ್ಲಿಯ ಹೆಸರಾದ ಬ್ರೆಡ್ಡು ಬೇಕೇ ಬೇಕಂತೆ.

"ಸಾವಿಗೆ ಹೊರಟಿದೀವಿ, ಮದುವೆ ದಿಬ್ಬಣಕ್ಕಲ್ಲ," ಮಿಮ್ಮಾ ಬೈದಳು.

"ಎಜಿದಿಯೊ ಈ ಬ್ರೆಡ್ ಬಿಟ್ಟು ಮುಂದೆ ಹೋದವನಲ್ಲ ಅಕ್ಕಾ. ನಿಲ್ಲಿಸ್ದೆ ಹೋದ್ರೆ ಎದ್ದು ಬಂದು ಬಯ್ತಾನೆ."

ಬಯ್ಯಲಿ ಎಂದು ಕಾದೆ.

ಹೊಲಗಳಲ್ಲಿ ಗೋಧಿ ಕೂಳೆ ಸುಟ್ಟಿದ್ದಾರೆ. ಎರಡೂ ಕಡೆ ಕಪ್ಪು.

ಆಗಸ್ಟ್ 24, ಶನಿವಾರ. ಬೆಳಗ್ಗೆ.

ಕಣಿವೆಯ ರಸ್ತೆಯಲ್ಲಿ ಮುಂದೊಂದು ಶವದ ಗಾಡಿ ಸಿಕ್ಕಿತು. ಕಟಾಲ್ದೊ, ಮಾರ್ಕ್ಸ್ ಓದಿದ ಕಟಾಲ್ದೊ, ರೂಢಿಯಂತೆ ಸಾವು ತನಗಂಟದಿರಲೆಂದು ಕೈಯನ್ನು ತೊಡೆಯ ಸಂದಿಗೆ ಒಯ್ದ. ನಮ್ಮ ಕಡೆಯ ಗಂಡಸರೆಲ್ಲ ಮಾಡುವುದು.

ಮಿಮ್ಮಾ ಅವನ ಕೈಗೆ ಹೊಡೆದಳು. "ನಮ್ಮೋನೇ ಕಣೋ ಅದ್ರಲ್ಲಿರೋದು!"

ಬಾರಿಯ ನಂಬರ್ ಪ್ಲೇಟು. ಹೂವಿನ ನಡುವೆ ಯೂನಿಯನ್ನಿನ ಕೆಂಪು ಪಟ್ಟಿ. ಕಟಾಲ್ದೊ ಕಾರು ಬದಿಗೆ ಹಾಕಿ ಸ್ಟೀರಿಂಗಿಗೆ ಹಣೆ ಒತ್ತಿ ಅತ್ತ. ನನಗೆ ನಗು ಬಂತು. ನಿಲ್ಲಲೇ ಇಲ್ಲ ನಗು... ಎಜಿದಿಯೊ ಇದ್ದಿದ್ದರೆ ಈ ಕಥೆಯನ್ನು ವರ್ಷವಿಡೀ ಹೇಳುತ್ತಿದ್ದ.

ಅದೇ ದಿನ, ಸಂಜೆ. ಮತ್ತೆ ಮತೇರಾ.

ಅವನೂರಿನ ಗೋಡೆಗಳ ತುಂಬ ಅವನ ಹೆಸರು. ಸಾವು ಸಾರುವ ಕಪ್ಪಂಚಿನ ಭಿತ್ತಿಪತ್ರ. "ದುಃಖತಪ್ತರು: ತಾಯಿ ರಕೆಲೆ, ಪತ್ನಿ ಎರ್ಮಿನಿಯಾ." ಅಷ್ಟೆ. ಪತ್ನಿ ಬಂದಿರಲೂ ಇಲ್ಲ. ಜೀವಮಾನವಿಡೀ ಗೋಡೆಗೆ ಪೋಸ್ಟರ್ ಅಂಟಿಸಿದವಳು ನಾನು. ಒಂದು ಗೋಡೆಯೂ ನನ್ನನ್ನು ಗುರುತಿಸಲಿಲ್ಲ.

"ಡಿಕ್ಕೀಲಿ ಅಂಟಿನ ಬಕೆಟ್ ಇದೆ," ಕಟಾಲ್ದೊ ಹಲ್ಲು ಕಚ್ಚಿ ಹೇಳಿದ. "ಒಂದ್ ಮಾತು ಹೇಳು ದೋನಾ. ಊರೆಲ್ಲ ನಿನ್ನ ಹೆಸ್ರು ಬಡೀತೀನಿ."

"ಬೇಡ. ಅವನಮ್ಮ ನೋಡ್ತಾಳೆ."

ಮನೆ. ಕರಿಬಟ್ಟೆಯ ಹೆಂಗಸರು ಗೋಡೆಗುಂಟ ಕೂತಿದ್ದರು. ನಡುವೆ ರಕೆಲೆ. ಅವನದೇ ಮೂಗು. ಪಕ್ಕದಲ್ಲಿ ಒಂದು ಖಾಲಿ ಕುರ್ಚಿ. ತಟ್ಟೆ ಹಿಡಿದು ಮುಂದೆ ಹೋದೆ. ಇಸಿದುಕೊಂಡಳು.

"ಯಾಕೆ ತೊಂದ್ರೆ ತಗೊಂಡ್ರಿ ಸಿನ್ಯೋರಾ. ದೇವರು ಒಳ್ಳೇದ್ ಮಾಡ್ಲಿ. ನೀವು ಯಾರೋ ಗೊತ್ತಾಗ್ಲಿಲ್ಲ?"

"ದೋನಾತಾ."

ಅವಳು ತಟ್ಟೆ ನೋಡಿದಳು. ಇನ್ನೂ ಬೆಚ್ಚಗಿತ್ತು, ಮತೇರಾದಲ್ಲಿ ಮತ್ತೆ ಬಿಸಿ ಮಾಡಿದ್ದೆ. ನನ್ನನ್ನು ನೋಡಿದಳು.

"ಇಲ್ಲ," ಅಂದಳು. ಸಿಟ್ಟಿರಲಿಲ್ಲ. ದಣಿದಿದ್ದಳು. "ದೋನಾತಾಗೆ ಈ ಕುರ್ಚಿ ಇಟ್ಟಿದ್ದೆ. ಊರೋರು ಏನಾದ್ರೂ ಅಂದ್ಕೊಳ್ಲಿ ಅಂತ ಇಟ್ಟಿದ್ದೆ. ಅವಳಾಗಿದ್ರೆ ಇವತ್ತು ಅಡುಗೆ ಮಾಡಿ ತರ್ತಿರ್ಲಿಲ್ಲ. ಅವಳ ಮನೇಲಿ ಒಲೆ ಉರೀತಿರ್ಲಿಲ್ಲ."

ತಟ್ಟೆಯನ್ನು ನೆರೆಯವರು ತಂದ ಪಾತ್ರೆಗಳ ಸಾಲಿಗೆ ಸೇರಿಸಿದಳು.

ನಾನೇ ಅಂತ ಕೂಗಬಹುದಿತ್ತು. ಪೊಲೀಸರ ಲಾಠಿಯ ಮುಂದೆ ಕೂಗಿದವಳು. ಬಾಗಿಲ ಬಳಿ, ಹೊರಗಿನವರು ನಿಲ್ಲುವ ಜಾಗದಲ್ಲಿ ನಿಂತೆ. ಮಣ್ಣು ಮಾಡುವಾಗಲೂ ಹಿಂದೆ ನಿಂತೆ. ಕೊನೆಯವರೆಗೂ ಆ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ.

ವಾಪಸು ಬರುವಾಗ ದಾರಿಯಲ್ಲಿ ಒಂದು ಆಲಿವ್ ಮರದಡಿ ಮಿಮ್ಮಾ ಕಾರು ನಿಲ್ಲಿಸಲು ಹೇಳಿದಳು. ಡಬ್ಬಿಗಳನ್ನು ಕಾರಿನ ಮೂತಿಯ ಮೇಲೆ ಜೋಡಿಸಿದಳು. ಕೋಳಿ ಸಾರು, ಬೇಯಿಸಿದ ಮೊಟ್ಟೆ. ಕಟಾಲ್ದೊ ಬ್ರೆಡ್ಡನ್ನು ಎದೆಗೊತ್ತಿಕೊಂಡು ಕೊಯ್ದ.

"ಅವನಮ್ಮಂಗೆ ಅಂತ ತಂದಿದ್ದಲ್ವಾ? ಮರೆತ್ಯಾ?" ಕೇಳಿದೆ.

"ಅವಳಿಗ್ಯಾಕೆ ತರ್ಲೇ, ಅವಳಿಗೆ ಊರಿದೆ." ಮಿಮ್ಮಾ ಚಮಚ ನನ್ನ ಬಾಯಿಗೆ ಹಿಡಿದಳು. "ತಿನ್ನು. ಹೊರಗಿನೋರು ನಾವು. ನೀನಲ್ಲ."

ಎರಡು ಚಮಚ ಇಳಿಯಿತು. ಆಮೇಲೆ ಚಮಚ ಇಸಿದುಕೊಂಡು ಡಬ್ಬಿಯಲ್ಲಿಟ್ಟೆ.

ಆಗಸ್ಟ್ 25, ಭಾನುವಾರ. ಬಾರಿ.

ಮನೆ. ಬಾಗಿಲ ಹಿಂದೆ ಅವನ ಚಪ್ಪಲಿ. "ಒಲೆ ಮುಟ್ಬೇಡ, ಮಧ್ಯಾಹ್ನ ಊಟ ತರ್ತೀನಿ" ಎಂದು ಮಿಮ್ಮಾ ಹೋದಳು. ನಾಳೆ ಆ ಕಟ್ಟಡದ ಮುಂದೆ ಧರಣಿ. ಪೋಸ್ಟರಿನಲ್ಲಿ ನನ್ನ ಹೆಸರಿನ ಮುಂದೆ ಏನೆಂದು ಬರೆಯಲಿ ಎಂದು ಕಟಾಲ್ದೊ ಕೇಳಿದ್ದಾನೆ. ಇನ್ನೂ ಹೇಳಿಲ್ಲ.

ಕಾಫಿ ಬೇಕೆನಿಸಿತು. ಶುಕ್ರವಾರ ಅಡುಗೆಯ ಗಡಿಬಿಡಿಯಲ್ಲಿ ಕಾಫಿ ಪಾತ್ರೆಯನ್ನು ಕಿಟಕಿಯ ಕಟ್ಟೆಗೆ ಸರಿಸಿದ್ದೆ. ನೋಡಿರಲಿಲ್ಲ. ಈಗ ಎತ್ತಿದೆ. ಭಾರ.

ತುಂಬಿದೆ. ಸೋಮವಾರ ಅವನು ತುಂಬಿದ್ದು. ಅವನದೇ ಬಿಗಿ, ನನ್ನ ಕೈಯಲ್ಲಿ ಎಂದೂ ಬಿಚ್ಚಲಾಗದ ಬಿಗಿ.

ಒಲೆಯ ಮೇಲಿಟ್ಟೆ. ಬೆಂಕಿಪೊಟ್ಟಣ ತೆಗೆದೆ. ಹಚ್ಚಿದರೆ ಒಂದು ಲೋಟ ಕಾಫಿ. ಕುಡಿದರೆ... ಮುಗಿಯಿತು.

ಕಡ್ಡಿ ಗೀರದೆ ಪೊಟ್ಟಣ ಮೇಜಿನ ಮೇಲಿಟ್ಟೆ. ಕೂತು ಬರೆಯುತ್ತಿದ್ದೇನೆ. ಈ ಮನೆಯಲ್ಲಿ ಸಾವಾಗಿದೆ. ರಕೆಲೆ ಅಮ್ಮಾ, ನಾನು ದೋನಾತಾ. ನಮ್ಮ ಮನೆಯ ಒಲೆ—