ಒಳಗೆ ಮಡಿಸಿಟ್ಟ ಒಂದಿಂಚು

ಮಾರ್ಚ್ 3, ಸೋಮವಾರ

ಅಂಗಡಿ ತೆಗೆದೆ. ನಿನ್ನೆ ಬೀಗ ಜಗ್ಗಿ ಜಗ್ಗಿ ನೋಡಿಯೇ ಹೋಗಿದ್ದು. ಆದರೂ ಮನಸ್ಸು ತಡೆಯಲಿಲ್ಲ. ಬೀಗ ಇತ್ತು. ಇಸ್ತ್ರಿಪೆಟ್ಟಿಗೆ ಪ್ಲಗ್ ಕಿತ್ತೇ ಇತ್ತು. ರೇಡಿಯೋ ಹಾಕಿದೆ. ಮಿಷನ್ನಿಗೆ ಎಣ್ಣೆ ಬಿಟ್ಟೆ. ಎರಡು ಪ್ಯಾಂಟಿನ ಕಾಲು ಗಿಡ್ಡ ಮಾಡಬೇಕು, ಒಂದು ಕೋಟಿನ ಲೈನಿಂಗ್...

ಅಷ್ಟರಲ್ಲಿ ಫೋನಿಗೆ ಮೇಲ್. ತಂಗಿಯ ಹೆಸರಿಗೆ; ಅವಳ ಅಕೌಂಟು ಈಗ ನನ್ನ ಫೋನಿನಲ್ಲೇ ಇರೋದು. ಸತ್ತು ಎರಡು ವರ್ಷ ಆದವಳಿಗೆ.

ಇಂಗ್ಲಿಷು. ನಾನು ಓದಿದ್ದು ಏಳನೇ ಕ್ಲಾಸು, ಅದರಲ್ಲೂ ಸ್ಕೂಲಿಗಿಂತ ಗುಂಡಿಗೆ ಕಾಜಾ ಹೊಲಿದಿದ್ದೇ ಜಾಸ್ತಿ. ಫೋನಿಗೇ ಹೇಳಿ ಕನ್ನಡ ಮಾಡಿಸಿಕೊಂಡೆ. ಹೊಸ ಕಾನೂನು ಬರ್ತಿದೆಯಂತೆ. ಯಾರ ವಿಡಿಯೋದಲ್ಲಾದರೂ ಬೇರೆಯವರ ಹಾಡು ಕೇಳಿಸಿದರೆ ವಿಡಿಯೋ ಸೈಟಿನವರೇ ಹೊಣೆಯಂತೆ. ಅದಕ್ಕೆ ಅವರು ಈಗಲೇ ಗುಡಿಸೋಕೆ ಶುರು ಮಾಡಿದ್ದಾರೆ. ತಂಗಿಯ ಹೊಲಿಗೆ ಪಾಠದ ವಿಡಿಯೋ ಎಲ್ಲದರಲ್ಲೂ ಹಾಡು ಸಿಕ್ಕಿದೆ. ಹತ್ತನೇ ತಾರೀಖಿನೊಳಗೆ ತೆಗೆಯದಿದ್ದರೆ ಚಾನೆಲ್ಲೇ ರದ್ದು.

ಹಾಡು ಸಿಗದೆ ಇನ್ನೇನು. ಆ ಕಿಟಕಿ ಪಕ್ಕದ ಟೇಬಲ್ಲಿನಲ್ಲಿ ಅವಳು, ಈ ಕಡೆ ಮಿಷನ್ನಿನಲ್ಲಿ ನಾನು, ನನ್ನ ತಲೆ ಮೇಲೆ ರೇಡಿಯೋ. ಫೋನನ್ನು ದಾರದ ಸ್ಟ್ಯಾಂಡಿಗೆ ಕಟ್ಟಿ, ಒಂದು ಕೈಯಲ್ಲಿ ಕತ್ತರಿ ಹಿಡಿದು ಶುರು ಮಾಡೋಳು. ಪ್ರತಿ ವಿಡಿಯೋದಲ್ಲೂ ಮೊದಲ ಮಾತು ನನಗೇ — "ಅಣ್ಣಾ, ರೇಡಿಯೋ ಸ್ವಲ್ಪ ಕಮ್ಮಿ ಮಾಡೋ." ಮಾಡ್ತಿರಲಿಲ್ಲ. ಹೊರಗಿನ ಸದ್ದು ಕಮ್ಮಿಯಾದರೆ ನನಗೆ ತಲೆಯೊಳಗಿನ ಸದ್ದು ಜಾಸ್ತಿ ಆಗುತ್ತೆ.

ಅವಳ ದನಿ ಈಗ ಇರೋದು ಅಲ್ಲಿ ಮಾತ್ರ. ಅವಳ ಫೋನನ್ನು ಎಕ್ಸ್‌ಚೇಂಜಿಗೆ ಕೊಟ್ಟುಬಿಟ್ಟಿದ್ದೆವು. ವಿಡಿಯೋ ಎಲ್ಲಿ ಹೋಗುತ್ತೆ, ಅಲ್ಲೇ ಇರುತ್ತಲ್ಲ ಅಂತ.

ಲೈನಿಂಗ್ ಉಲ್ಟಾ ಹಾಕಿದೆ. ಬಿಚ್ಚಬೇಕು.

ಮಾರ್ಚ್ 5, ಬುಧವಾರ

ಗುಬ್ಬಿಗೆ ಫೋನ್ ಮಾಡಿದೆ. ತಂಗಿ ಮಗಳು. ಊರಿನ ಆ ತುದಿಯಲ್ಲಿ ಕನ್ನಡಕದ ಅಂಗಡಿ ಕೆಲಸ, ಗೆಳತಿಯರ ಜೊತೆ ರೂಮು.

"ಎಲ್ಲರಿಗೂ ಬಂದಿದೆ ಮಾವ ಅದು. ಗಾಡಿ ರಿಪೇರಿ ತೋರಿಸೋರಿಗೂ ಬಂದಿದೆ. ಹೆದರಿಸ್ತಿದ್ದಾರೆ ಅಷ್ಟೇ."

"ಹೆದರಿಸಿದ್ರೆ ಹೆದರಬೇಕಲ್ವೇನೇ."

"ನಿನಗೆ ಯಾರೂ ಹೆದರಿಸೋದೇ ಬೇಡ ಬಿಡು. ಭಾನುವಾರ ದೊಡ್ಡ ಮೆರವಣಿಗೆ ಇದೆ, ಕಾನೂನು ಬೇಡ ಅಂತ. ಮುಗಿಸಿಕೊಂಡು ಸಂಜೆ ಬರ್ತೀನಿ. ಬಂದು ಅಮ್ಮಂದು ಎಲ್ಲಾ ಇಳಿಸ್ಕೊಂಡು ಡಿಸ್ಕಿಗೆ ಹಾಕ್ಕೋತೀನಿ. ಅಲ್ಲೀವರೆಗೆ ನೀನು ಏನೂ ಮುಟ್ಟಬೇಡ. ಕೇಳಿಸ್ತಾ?"

ಕೇಳಿಸ್ತು.

ಪಕ್ಕದ ಕ್ಷೌರದಂಗಡಿಯವನು ಮೆರವಣಿಗೆಯ ಚೀಟಿ ಕನ್ನಡಿಗೆ ಅಂಟಿಸಿದ್ದಾನೆ. "ಮಾಸ್ಟರ್, ನಾನು ಗಡ್ಡ ಹೆರೆಯುವಾಗ ಸಿಳ್ಳೆ ಹಾಕ್ತೀನಲ್ಲ, ಇನ್ನು ಅದಕ್ಕೂ ರಸೀದಿ ಮಾಡಿಸಬೇಕೇನೋ. ಗಿರಾಕಿ ಕತ್ತು ನನ್ನ ಕೈಯಲ್ಲಿ, ನನ್ನ ಕತ್ತು ವಕೀಲರ ಕೈಯಲ್ಲಿ." ನಕ್ಕೆ. ಒಳಗೆ ಬಂದ ಮೇಲೆ ನಗು ಬರಲಿಲ್ಲ.

ಮೆರವಣಿಗೆಗೆ ಪರ್ಮಿಷನ್ ಇದೆಯಾ ಅಂತ ಗುಬ್ಬಿಗೆ ಕೇಳೋದು ಮರೆತೆ.

ಮಾರ್ಚ್ 7, ಶುಕ್ರವಾರ

ಪಿಟೀಲು ಮೇಷ್ಟ್ರು ಕೋಟು ತಗೊಳ್ಳೋಕೆ ಬಂದಿದ್ದರು. ಹಾಡು ಕೇಳಿ ರೇಡಿಯೋ ಕಡೆ ತಿರುಗಿದರು.

"ಇದರಲ್ಲಿ ಬಾರಿಸಿರೋದು ನಾನೇ."

"ಹೌದಾ ಮೇಷ್ಟ್ರೇ? ಇಷ್ಟು ವರ್ಷ ಕೇಳ್ತಿದ್ದೀನಿ..."

"ಇಡೀ ಊರೇ ಕೇಳ್ತಿದೆ. ಮದುವೆ ವಿಡಿಯೋಕ್ಕೆ ಹಾಕ್ತಾರೆ, ಸೋಪಿನ ಜಾಹೀರಾತಿಗೆ ಹಾಕ್ತಾರೆ. ನನ್ನ ಕೇಳಿದೋರು ಯಾರೂ ಇಲ್ಲ."

ಕಾನೂನು ಬಂದರೆ ನಿಮಗೆ ಒಳ್ಳೇದಾಗುತ್ತಾ ಅಂದೆ. ಅವರು ತೋಳು ತೂರಿಸಿ, ಭುಜ ಅಲುಗಾಡಿಸಿ ನೋಡಿದರು. "ನನ್ನ ಹತ್ತಿರ ಎಲ್ಲಿ ಬರುತ್ತಪ್ಪಾ ದುಡ್ಡು. ಕಂಪನಿಯವರ ಬಾಗಿಲಲ್ಲೇ ಇಳಿದುಬಿಡುತ್ತೆ. ಆದ್ರೂ ಕದ್ದಿದ್ದು ಕದ್ದಿದ್ದೇ ಅಲ್ವಾ."

ಅವರು ನನಗೆ ಅಂದಿದ್ದಲ್ಲ. ಗೊತ್ತು. ಆದರೂ ಅವರು ಹೋದ ಮೇಲೆ ಅದೇ. ನಾವು ಕದ್ದೆವಾ? ತಂಗಿ ಕಳ್ಳಿಯಾ? ರೇಡಿಯೋ ಹಾಕಿದ್ದು ನಾನು. ವಿಡಿಯೋದಲ್ಲಿ ಇರೋದು ಅವಳ ಮುಖ.



ಮಾರ್ಚ್ 8, ಶನಿವಾರ, ಬೆಳಗ್ಗೆ

ರೇಡಿಯೋ ಸುದ್ದಿ: ನಾಳೆಯ ಮೆರವಣಿಗೆಗೆ ಪರ್ಮಿಷನ್ ಇಲ್ಲ. ಸೇರಿದವರನ್ನು ಹಿಡೀತಾರಂತೆ. ಗುಬ್ಬಿಗೆ ಫೋನ್ — ಸ್ವಿಚ್ ಆಫ್. ಹಿಡಿದರೆ ಭಾನುವಾರ ಬರಲ್ಲ. ಸೋಮವಾರ ಗಡುವು. ಬಂದರೂ ತಡವಾದರೆ? ನೆಟ್ ಇರದಿದ್ದರೆ?

ಮೇಲ್‌ನಲ್ಲಿ ಎರಡು ಬಟನ್ ಇದೆ. ಒಂದು: ಹಾಡು ಮಾತ್ರ ತೆಗೆಯಿರಿ. ಇನ್ನೊಂದು: ಪೂರ್ತಿ ಶಬ್ದ ತೆಗೆಯಿರಿ.

ಮುಟ್ಟಬೇಡ ಅಂದಿದ್ದಾಳೆ.

ಮಧ್ಯಾಹ್ನ

ಮೊದಲನೆಯದು ಒತ್ತಿದೆ. ತಿರುಗಿ ತಿರುಗಿ ಕೊನೆಗೆ ಹೇಳಿತು — ಇದರಲ್ಲಿ ಹಾಡು, ಮಾತು ಬೇರೆ ಮಾಡೋಕಾಗಲ್ಲ, ಹಾಡಿನ ಸದ್ದು ಹೆಚ್ಚಿದೆ. ಎಲ್ಲಾ ವಿಡಿಯೋಕ್ಕೂ ಅದೇ ಉತ್ತರ.

ಹೆಚ್ಚಿದೆ.

ಸಂಜೆ

ಎರಡನೆಯದು ಒತ್ತಿದೆ. ಎಲ್ಲದಕ್ಕೂ ಒಟ್ಟಿಗೆ. ಒತ್ತೋ ಮುಂಚೆ ಒಂದು ಸಾಲು ಬಂತು: ವಾಪಸ್ ತರಲಾಗುವುದಿಲ್ಲ. ಓದಿದೆ. ನಾನೂ ಗಿರಾಕಿಗಳಿಗೆ ಹಾಗೇ ಹೇಳೋದಲ್ವಾ — ಇನ್ನು ದೊಡ್ಡದು ಮಾಡೋಕಾಗಲ್ಲ, ಇಷ್ಟೇ ಅಂತ. ಆದರೂ ಒಳಗೆ ಒಂದಿಂಚು ಬಟ್ಟೆ ಮಡಿಸಿಟ್ಟಿರ್ತೀನಿ. ದಪ್ಪಗಾಗಿ ಬಂದರೆ ಬಿಚ್ಚಿ ಕೊಡ್ತೀನಿ. ಯಾವ ದರ್ಜಿಯಾದರೂ ಇಟ್ಟಿರ್ತಾನೆ. ಅವರೂ ಎಲ್ಲೋ ಮಡಿಸಿಟ್ಟಿರ್ತಾರೆ ಅಂದ್ಕೊಂಡೆ. ಗಡುವು ದಾಟಲಿ, ಗುಬ್ಬಿ ಬಿಚ್ಚಿಸ್ತಾಳೆ ಅಂದ್ಕೊಂಡೆ.

ಈಗ ಕಾಲರ್ ಪಾಠ ಹಾಕಿ ನೋಡಿದೆ. ಅವಳು ಕ್ಯಾಮೆರಾ ನೋಡ್ತಾಳೆ. ನನ್ನ ಕಡೆ ತಿರುಗ್ತಾಳೆ. ಬಾಯಿ ಆಡುತ್ತೆ. ಏನೂ ಇಲ್ಲ.

ವಾಪಸ್ ತರೋ ಬಟನ್ ಎಲ್ಲಿದೆ ಅಂತ ಹುಡುಕ್ತಿದ್ದೀನಿ. ಇರಬೇಕು.

ಮಾರ್ಚ್ 9, ಭಾನುವಾರ

ಇಲ್ಲ.

ಗುಬ್ಬಿ ಬರಲಿಲ್ಲ. ಅವಳ ಗೆಳತಿ ಫೋನ್ ಮಾಡಿದಳು — ಬಾಯಿಗೆ ಟೇಪ್ ಅಂಟಿಸಿಕೊಂಡು ಕೂತವರನ್ನೆಲ್ಲ ಪೊಲೀಸರು ಬಸ್ಸಿಗೆ ಹತ್ತಿಸಿದರಂತೆ, ಗುಬ್ಬಿಯನ್ನೂ. "ಭಯ ಬೇಡ ಅಂಕಲ್, ನಾಳೆ ಬಿಡ್ತಾರೆ." ನಾನು ಹೆದರಿದ್ದೇ ಆಯ್ತಲ್ಲ ಅನ್ನಿಸ್ತು. ಒಂದು ಕ್ಷಣ ಸಮಾಧಾನದ ಥರ ಏನೋ. ಎಂಥಾ ಮನುಷ್ಯ ನಾನು.

ಮಾರ್ಚ್ 10, ಸೋಮವಾರ

ಬಿಟ್ಟರು. ಗುಬ್ಬಿ ಫೋನ್ ಮಾಡಿದಳು. ದನಿ ಕಟ್ಟಿಹೋಗಿದೆ ಅವಳದು, ಆದರೂ ಖುಷಿ.

"ಸುದ್ದಿ ನೋಡ್ದ್ಯಾ ಮಾವ? ಅಷ್ಟು ಜನ ಸೇರಿದ್ದು ನೋಡಿ ಸೈಟಿನವರು ಗಡುವು ಮುಂದಕ್ಕೆ ಹಾಕಿದ್ದಾರೆ. ತಿಂಗಳ ಕೊನೆವರೆಗೂ ಏನೂ ತೆಗೆಯಲ್ಲ ಅವರು. ಬಾಯಿಗೆ ಟೇಪ್ ಹಾಕ್ಕೊಂಡು ಕೂಗಿದ್ರೂ ಕೇಳುತ್ತೆ ನೋಡು."

ಹೂಂ ಅಂದೆ.

"ಮುಂದಿನ ಭಾನುವಾರ ಬರ್ತೀನಿ. ಇನ್ನೇನು ಅವಸರ ಇಲ್ಲವಲ್ಲ."

ಹೂಂ ಅಂದೆ. 

ಮಾರ್ಚ್ 16, ಭಾನುವಾರ

ವಾರವೆಲ್ಲ ಬರೆಯಲಿಲ್ಲ. ಬರೆಯೋಕೆ ಏನಿತ್ತು. ಇದ್ದಿದ್ದು ಒಂದೇ.

ಬಂದಳು. ಲ್ಯಾಪ್‌ಟಾಪು, ಹೊಸ ಡಿಸ್ಕು. ಟೇಬಲ್ ಮೇಲಿನ ಚೂರು ಬಟ್ಟೆ ಸರಿಸಿ ಜಾಗ ಮಾಡಿಕೊಂಡಳು. ಅವಳಮ್ಮನ ಜಾಗದಲ್ಲೇ. ಹೇಳಬೇಕು, ಹೇಳಬೇಕು ಅಂತ ಗುಂಡಿ ಡಬ್ಬಿ ತೆಗೆದು ಮುಚ್ಚಿ ಮಾಡ್ತಿದ್ದೆ. ಅಷ್ಟರಲ್ಲಿ ಅವಳು ಒಂದು ವಿಡಿಯೋ ಹಾಕಿಯೇಬಿಟ್ಟಳು.

"ಸ್ಪೀಕರ್ ಕೆಟ್ಟಿದೆಯಾ ಇದರದು?"

ಹೇಳಿದೆ. ಎಲ್ಲಾ. ಬಟನ್ನು, ಪೊಲೀಸು, ಒಂದಿಂಚು ಬಟ್ಟೆ.

ಬೈಯಲಿಲ್ಲ. ಬೈದಿದ್ದರೆ ಬದುಕ್ತಿದ್ದೆ. ಒಂದಾದ ಮೇಲೊಂದು ಹಾಕಿ ನೋಡಿದಳು. ಅಮ್ಮನ ತುಟಿ ನೋಡ್ತಾ ಅವಳೇ ಪಿಸುಗುಟ್ಟಿದಳು — ಅಣ್ಣಾ, ರೇಡಿಯೋ ಸ್ವಲ್ಪ... ಮಧ್ಯಕ್ಕೆ ನಿಲ್ಲಿಸಿದಳು.

"ಅಮ್ಮನ ದನಿ ಹೇಗಿತ್ತು ಅಂತ ನೆನಪಿದೆ ಅಂದ್ಕೊಂಡಿದ್ದೆ ಮಾವ. ಈಗ ಬರೋದು ನನ್ನ ದನಿಯೇ."

ಲ್ಯಾಪ್‌ಟಾಪು ಮುಚ್ಚಿ ನನ್ನ ಕಡೆ ತಿರುಗಿದಳು.

"ಅವರು ಕಿತ್ಕೋತಾರೆ ಅಂತ ಒಂದು ರಾತ್ರಿ ಪೊಲೀಸ್ ಬೆಂಚಿನ ಮೇಲೆ ಕೂತಿದ್ದೆ ನಾನು. ನೀನೇ ಕೊಟ್ಬಿಟ್ಯಲ್ಲ."

ಹೋಗುವಾಗ ಕೈ ಚಾಚಿ ರೇಡಿಯೋ ಆಫ್ ಮಾಡಿ ಹೋದಳು. ಹಾಗೇ ಬಿಟ್ಟಿದ್ದೀನಿ.

ಮಾರ್ಚ್ 22, ಶನಿವಾರ

ರೇಡಿಯೋ ಇಲ್ಲದೆ ಮಿಷನ್ನಿನ ಸದ್ದು ಇಷ್ಟು ದೊಡ್ಡದು ಅಂತ ಗೊತ್ತಿರಲಿಲ್ಲ.

ಕ್ಷೌರದಂಗಡಿಯವನು ಎಳ್ಕೊಂಡು ಹೋದ — ಚೌಕದಲ್ಲಿ ಸಂಜೆ ಹೊತ್ತು ಜನ ನಿಲ್ತಾರೆ, ಕಾನೂನಿನ ವಿರುದ್ಧ. "ಬನ್ನಿ ಮಾಸ್ಟರ್, ನಿಂತ್ರೆ ಕಾಲು ನೋಯುತ್ತೆ ಅಷ್ಟೇ, ತಲೆ ಹೋಗಲ್ಲ." ಒಬ್ಬರು ಬೋರ್ಡ್ ಕೈಗೆ ಕೊಟ್ಟರು.  ಬೋರ್ಡಿನಲ್ಲಿ ಏನು ಬರೆದಿದೆ ಅಂತ ತಿರುಗಿಸಿ ನೋಡೋಕೂ ಧೈರ್ಯ ಆಗಲಿಲ್ಲ. ಗುಬ್ಬಿ ರಸ್ತೆಯ ಆ ಕಡೆ ನಿಂತಿದ್ದಳು. ನೋಡಿದಳು. ಈ ಕಡೆ ಬರಲಿಲ್ಲ. ಹೋಗು ಅಂತಲೂ ಅನ್ನಲಿಲ್ಲ.

ಪಿಟೀಲು ಮೇಷ್ಟ್ರು ನಾನು ಹೊಲಿದ ಕೋಟು ಹಾಕ್ಕೊಂಡು ಅದೇ ದಾರಿಯಲ್ಲಿ ಹೋದರು. ಬೋರ್ಡ್ ಇಳಿಸಿದೆ. ಅವರು ದಾಟಿದ ಮೇಲೆ ಎತ್ತಿದೆ.

ಮಾರ್ಚ್ 24, ಸೋಮವಾರ

ಕಾಲರ್ ಪಾಠದ ಕೆಳಗೆ ಯಾರೋ ಹೆಂಗಸು ಬರೆದಿದ್ದಾರೆ: ಅಕ್ಕ, ಇದರ ಸೌಂಡ್ ಎಲ್ಲಿ ಹೋಯ್ತು?

ನಾನೇ ಉತ್ತರ ಬರೆದೆ. ಅಕ್ಕ ಇಲ್ಲ, ಅಣ್ಣ ಬರೀತಿದ್ದೀನಿ, ನನ್ನಿಂದ ಹೋಯ್ತು, ಅಂತ. ನಂಬರೂ ಹಾಕಿದೆ. ಹಾಕಿದ ಮೇಲೆ ಭಯ. ಅಳಿಸಬೇಕು ಅನ್ನುವಷ್ಟರಲ್ಲಿ ಫೋನ್ ಬಂತು.

ಅದೇ ಹೆಂಗಸು. ದೂರದ ಊರು. ಮನೆಯಲ್ಲೇ ಹೊಲೀತಾರಂತೆ. ತಂಗಿಯಿಂದಲೇ ಕಲಿತಿದ್ದಂತೆ, ಎಲ್ಲಾ. ತಂಗಿ ಸತ್ತಿದ್ದು ಅವರಿಗೆ ಗೊತ್ತೇ ಇರಲಿಲ್ಲ. ಯಾವಾಗ, ಏನಾಗಿತ್ತು ಅಂತೆಲ್ಲ ಕೇಳಿದರು. ಆಮೇಲೆ —

"ಆ ರೇಡಿಯೋ ಅಣ್ಣ ನೀವೇನಾ? ಇವತ್ತಾದ್ರೂ ಕಮ್ಮಿ ಮಾಡ್ತಾರಾ ಅಂತ ಪ್ರತಿ ಸಲ ಕಾಯ್ತಿದ್ದೆ ನಾನು."

"ಮಾಡ್ಲಿಲ್ಲ ತಾಯಿ."

"ಗೊತ್ತು."

ನಮ್ಮಲ್ಲಿ ಕರೆಂಟ್ ಸರಿಯಿರಲ್ಲ ಅಂತ ಆರು ಪಾಠ ಇಳಿಸಿಟ್ಟುಕೊಂಡಿದ್ದೀನಿ ಅಂದರು. ಶಬ್ದ ಸಮೇತ.

ಕತ್ತರಿ ಕೆಳಗಿಟ್ಟೆ.

ಕಳಿಸ್ತೀರಾ ಅಂದೆ. ಅವರು ದನಿ ತಗ್ಗಿಸಿದರು. ಯಜಮಾನರು ಸರ್ಕಾರಿ ಆಫೀಸಿನಲ್ಲಿದ್ದಾರಂತೆ. ಹಾಡಿರೋ ವಿಡಿಯೋ ಕಳಿಸಿದರೆ, ಇಟ್ಟುಕೊಂಡರೂ, ಕೇಸು ಆಗುತ್ತೆ ಅಂತ ಆಫೀಸಿನಲ್ಲಿ ಮಾತಂತೆ. "ಅವರಿಗೆ ಭಯ ಅಣ್ಣ. ನನಗೂ." ಒತ್ತಾಯ ಮಾಡಲಿಲ್ಲ. ಭಯ ಪಟ್ಟವರಿಗೆ ನಾನು ಏನು ಹೇಳಲಿ.

"ಆದ್ರೆ ಫೋನ್ ಪಕ್ಕದಲ್ಲಿಟ್ಟು ಕೇಳಿಸಿದ್ರೆ ಕಳಿಸಿದ ಹಾಗಲ್ವಲ್ಲ?" ಅವರೇ ಅಂದಿದ್ದು.

ಕೇಳಿಸಿದರು. ಒಂದು ನಿಮಿಷ ಇರಬೇಕು. ಹಾಡಿನ ಹಿಂದಿನಿಂದ ಬಂದಳು. ನನ್ನನ್ನೇ ಕರೆದಳು.

ಮಾರ್ಚ್ 26, ಬುಧವಾರ

ಕಾನೂನು ಪಾಸಾಯ್ತು. ಒಂದನೇ ತಾರೀಖಿನಿಂದ ಜಾರಿ. ಚೌಕದಲ್ಲಿ ಬೋರ್ಡುಗಳನ್ನು ಮರಕ್ಕೆ ಒರಗಿಸಿ ಹೋಗಿದ್ದಾರೆ. ಕ್ಷೌರದಂಗಡಿಯವನು ಕನ್ನಡಿ ಮೇಲಿನ ಚೀಟಿ ಬ್ಲೇಡಿನಲ್ಲಿ ಹೆರೆದು ತೆಗೆದ. ಇವತ್ತು ಸಿಳ್ಳೆ ಇಲ್ಲ, ಜೋಕೂ ಇಲ್ಲ.

ಆ ಹೆಂಗಸು ಫೋನ್ ಮಾಡಿದ್ದರು. ಅಷ್ಟರೊಳಗೆ ಅಳಿಸಿಬಿಡು ಅಂತ ಯಜಮಾನರು ಹೇಳಿದ್ದಾರಂತೆ. "ಭಾನುವಾರ ಸಂಜೆ ಅವರು ಮನೇಲಿರಲ್ಲ. ಆರೂ ಕೇಳಿಸ್ತೀನಿ. ಆಮೇಲೆ... ಬೇಜಾರು ಮಾಡ್ಕೋಬೇಡಿ ಅಣ್ಣ. ನೀವೂ ರೆಕಾರ್ಡ್ ಗಿಕಾರ್ಡ್ ಮಾಡ್ಕೋಬೇಡಿ. ಎಲ್ಲಿಂದ ಬಂತು ಅಂತ ಹುಡುಕಿದ್ರೆ ನಮ್ಮ ಮನೆಗೇ ಬರ್ತಾರೆ."

ಮಾಡಲ್ಲ ಅಂದೆ. ಮಾತು ಕೊಟ್ಟೆ.

ಗುಬ್ಬಿಗೆ ಮೆಸೇಜ್ ಹಾಕಿದೆ: ಭಾನುವಾರ ಸಂಜೆ ಬಾ. ಅಮ್ಮ ಮಾತಾಡ್ತಾಳೆ.

ಹಾಕಿದ ಮೇಲೆ ಓದಿದರೆ ನನಗೇ ಗಾಬರಿ. ಮಾವನಿಗೆ ತಲೆ ಕೆಟ್ಟಿದೆ ಅಂದ್ಕೋತಾಳೆ. ಮತ್ತೆ ಫೋನ್ ಮಾಡಿ ಬಿಡಿಸಿ ಹೇಳಿದೆ.  ಬರ್ತೀನಿ ಅಂದಳು.

ಮಾರ್ಚ್ 30, ಭಾನುವಾರ, ಸಂಜೆ

ಬಂದಿದ್ದಾಳೆ. ಅಮ್ಮನ ಕುರ್ಚಿಯಲ್ಲಿ ಕೂತಿದ್ದಾಳೆ. ಫೋನ್ ಚಾರ್ಜ್ ನೋಡಿದೆ, ಮತ್ತೆ ನೋಡಿದೆ. ಬಾಗಿಲು ಎಳೆದೆ. ಫ್ಯಾನ್ ಆರಿಸಿದೆ, ಗಾಳಿ ಸದ್ದು ಬೇಡ ಅಂತ. ಇಸ್ತ್ರಿಪೆಟ್ಟಿಗೆ ಪ್ಲಗ್ ಕಿತ್ತಿದೆ. ಸುಮ್ಮನೆ ಕೂರೋಕೆ ಆಗದೆ ಇದನ್ನು ಬರೀತಿದ್ದೀನಿ.

"ಮಾವ, ಹೆದರಿಕೆಯಾ?"

"ಯಾವಾಗ ಇರಲಿಲ್ಲ ಹೇಳು."

ಸ್ವಲ್ಪ ನಕ್ಕಳು. ಅವತ್ತಿನಿಂದ ಇದೇ ಮೊದಲು.

ಅವಳ ಫೋನೂ ಟೇಬಲ್ ಮೇಲಿದೆ, ನನ್ನದರ ಪಕ್ಕ. ಅದರಲ್ಲಿ ಸಣ್ಣ ಕೆಂಪು ಚುಕ್ಕೆ ಮಿನುಗ್ತಿದೆ. ರೆಕಾರ್ಡ್. ನಾನು ಕೊಟ್ಟ ಮಾತು ಅವಳಿಗೆ ಹೇಳಿದ್ದೀನಿ. ಆದರೂ ಇಟ್ಟಿದ್ದಾಳೆ. ಬೇಡ ಕಣೇ ಅನ್ನಬೇಕು. ಆ ಹೆಂಗಸು, ಅವರ ಯಜಮಾನರು, ಕೇಸು... ಅನ್ನಬೇಕು. ಗುಬ್ಬಿ ನನ್ನ ಮುಖವನ್ನೇ ನೋಡ್ತಿದ್ದಾಳೆ, ಏನಂತೀನಿ ಅಂತ.

ಅನ್ನಲಿಲ್ಲ.

ಯಾರಿಗೂ ತೋರಿಸಬೇಡ ಅಂತ ಮಾತ್ರ ಅಂದೆ. ಒಳಗೇ ಇರಲಿ.

ಫೋನ್ ಬಂತು. "ಇಡ್ತೀನಿ ಅಣ್ಣ, ಕೇಳಿ" ಅಂದರು. ಗೊರಗೊರ. ಹಾಡು. ಆಮೇಲೆ ಅದರ ಹಿಂದಿನಿಂದ — ಅಣ್ಣಾ, ರೇಡಿಯೋ ಸ್ವಲ್ಪ ಕಮ್ಮಿ ಮಾಡೋ. ನನ್ನ ಕೈ ರೇಡಿಯೋ ಹತ್ತಿರ ಹೋಯ್ತು. ಆಫ್ ಆಗೇ ಇದೆ.

ಗುಬ್ಬಿ ತುಟಿ ಮೇಲೆ ಬೆರಳಿಟ್ಟು ನನ್ನ ಪೆನ್ನನ್ನೇ ನೋಡ್ತಿದ್ದಾಳೆ. ಇದು ಗೀಚೋ ಸದ್ದೂ ರೆಕಾರ್ಡಿನಲ್ಲಿ —