ತಳ ಕಾಣುವ ಬೇಳೆ

ಕುರ್ಚಿ ಮೇಡಂ,

ಅಡುಗೆಮನೆಯಲ್ಲಿ ನಾವೆಲ್ಲ ಬೆನ್ನ ಹಿಂದೆ ನಿಮ್ಮನ್ನು ಕರೆಯುತ್ತಿದ್ದುದೇ ಹೀಗೆ. ಹೆಸರಿಟ್ಟವನು ನಾನು. ನೀವು ತೀರಿಕೊಂಡು ಎರಡು ವರ್ಷವಾಯಿತಂತೆ, ಇನ್ನು ಬೇಜಾರು ಮಾಡಿಕೊಳ್ಳಲಾರಿರಿ.

ಇಪ್ಪತ್ತೆರಡು ವರ್ಷ ನಾನು ಅಡುಗೆ ಮಾಡಿದ ವೃದ್ಧಾಶ್ರಮದಲ್ಲೇ ಈಗ ನನಗೊಂದು ಮಂಚ ಸಿಕ್ಕಿದೆ. ಇವತ್ತು ಬೆಳಿಗ್ಗೆ ಹೊಸ ನರ್ಸ್ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, "ತಾತ, ಕೈ ಕಟ್ಟಿಕೊಂಡೇ ಏಳಿ ನೋಡೋಣ" ಅಂದಳು. ನೀವು ಪ್ರತಿ ಸೋಮವಾರ ಇಲ್ಲಿನ ಮುದುಕರಿಂದ ಮಾಡಿಸುತ್ತಿದ್ದ ಅದೇ ಕಸರತ್ತು. ನನ್ನ ಕೈಲಿ ಒಂದು ಸಲವೂ ಆಗಲಿಲ್ಲ.

ಊಟದ ಪಟ್ಟಿ ಬರೆಯಲು ಬಂದವರು ನೀವು. "ಮೊಟ್ಟೆ ಕೊಡಿ, ಬೇಳೆ ಗಟ್ಟಿಯಾಗಿರಲಿ, ಇವರ ಕಾಲಲ್ಲಿ ಕಸುವು ಉಳೀಬೇಕು" ಅಂತ ಬಾಯಿ ಬಡಿದುಕೊಂಡಿರಿ. "ಹಲ್ಲಿಲ್ಲದವರಿಗೆ ತೆಳ್ಳಗಿದ್ದರೇ ಸರಿ, ಅಡುಗೆ ನನಗೆ ಬಿಡಿ" ಅಂದೆ ನಾನು. ನಿಮ್ಮನ್ನು ಎತ್ತಂಗಡಿ ಮಾಡಿಸಿದ ದೂರಿನಲ್ಲಿ ಮೊದಲ ಸಹಿ ಯಾರದೆಂದು ನಿಮಗೆ ಗೊತ್ತೇ ಇತ್ತು. ಹೋಗುವಾಗ ನನಗೂ ನಮಸ್ಕಾರ ಹೇಳಿ ಹೋದಿರಿ.

ಮಧ್ಯಾಹ್ನ ಬಟ್ಟಲಿಗೆ ಬೇಳೆ ಬಂತು. ಬಟ್ಟಲಿನ ತಳ ಕಾಣುತ್ತಿತ್ತು.

"ಏನಯ್ಯಾ ಇದು, ಕೈ ತೊಳೆಯೋಕೆ ಕೊಟ್ಟಿದ್ದಾ?" ಅಂತ ರೇಗಿದೆ.

ಬಡಿಸುತ್ತಿದ್ದವನು ನನ್ನ ಕೈಕೆಳಗೇ ಪಳಗಿದ ಅಡುಗೆಯವನು. "ಅಳತೆ ನೀವೇ ಹೇಳಿಕೊಟ್ಟಿದ್ದಲ್ವಾ ಅಣ್ಣ" ಅಂದ, ಒಂದಿಷ್ಟೂ ಕೊಂಕಿಲ್ಲದೆ.

ಅಡುಗೆಮನೆಗೇ ನುಗ್ಗಿ ಆ ಪಾತ್ರೆಯನ್ನು ಮೋರಿಗೆ ಸುರಿದುಬಿಡೋಣ ಅಂತ ಎದ್ದೆ. ಅಂದರೆ, ಏಳಲು ನೋಡಿದೆ. ಕೊನೆಗೆ ಅವನೇ ಸೌಟು ಕೆಳಗಿಟ್ಟು ಬಂದು, ಎರಡೂ ಕಂಕುಳಿಗೆ ಕೈ ಕೊಟ್ಟು, ನನ್ನನ್ನು ಎಬ್ಬಿಸಿ ನಿಲ್ಲಿಸಿದ.